ಈಸ್ಟರ್ ಭಾನುವಾರದ ಪಬ್ಬು

ಈಸ್ಟರ್ ಭಾನುವಾರ ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳಲ್ಲಿ ಎರಡು ಗಂಟೆ ನಡೆದು, ಬೂಟಿಗೆ ಮೆತ್ತಿದ ಕೆಸರನ್ನು ಹೊಸ್ತಿಲ ಬಳಿ ಉಜ್ಜಿ, ನಾವಿಬ್ಬರೂ ಹಳ್ಳಿಯ ಪಬ್ಬೊಂದರೊಳಗೆ ಕಾಲಿಟ್ಟೆವು. ಹೊರಗೆ ಡ್ಯಾಫೊಡಿಲ್ ಹೂಗಳು ಅರಳಿದ್ದರೂ ಗಾಳಿ ಇನ್ನೂ ಕೊರೆಯುತ್ತಿದ್ದುದರಿಂದ ಒಳಗೆ ಸೌದೆಯ ಬೆಂಕಿ ಉರಿಯುತ್ತಿತ್ತು. ಪಕ್ಕದ ಮೇಜಿನಡಿ ಮುದಿ ನಾಯಿಯೊಂದು ಯಜಮಾನನ ಪಾದದ ಮೇಲೆ ಗದ್ದವೂರಿ ಮಲಗಿತ್ತು.

ಇಲ್ಲಿ ಏಲ್ ಎಂಬ ಸಾಂಪ್ರದಾಯಿಕ ಬಿಯರನ್ನು ನೆಲಮಾಳಿಗೆಯಲ್ಲಿ ಸುಮಾರು 12 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಪೀಪಾಯಿಯೊಳಗೇ ಹುದುಗುತ್ತ ಹದಗೊಂಡ ಅದನ್ನು ಕೈಪಂಪಿನಿಂದ ಮೆಲ್ಲನೆ ಎಳೆದು, 568 ಮಿಲಿಲೀಟರಿನ ಪೈಂಟ್ ಲೋಟಕ್ಕೆ ತುಂಬಿಸುವುದನ್ನು ನೋಡುವುದೇ ಒಂದು ಸುಖ. ಬೆಂಗಳೂರಿನ ಐಸಿನಂಥ ಬಿಯರಿಗೆ ಒಗ್ಗಿದ್ದ ನನಗೆ ಮೊದಲ ವರ್ಷ ಅದು ಆರಿದ ಕಷಾಯದಂತೆ ಕಂಡಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಊಟಕ್ಕೆ ಹಬ್ಬದ ಪದ್ಧತಿಯಂತೆ ಕುರಿಮರಿಯ ರೋಸ್ಟ್, ಜೊತೆಗೆ ವಿನೆಗರ್ ಬೆರೆಸಿದ ಪುದೀನ ಸಾಸ್. ನಮ್ಮ ಪುದೀನ ಚಟ್ನಿಯ ಮುಂದೆ ಅದು ನಿಲ್ಲಲಾರದು.

ಲಂಡನ್ನಿನ ಬೋ ಪ್ರದೇಶದ ದಿ ವಿಡೋಸ್ ಸನ್ ಎಂಬ ಪಬ್ಬಿನ ನೆನಪಾಯಿತು. ಕಡಲಿಗೆ ಹೋಗಿ ಮರಳದ ಮಗನಿಗಾಗಿ ವಿಧವೆ ತಾಯಿಯೊಬ್ಬಳು ವರ್ಷವರ್ಷವೂ ಒಂದು ಬನ್ ತೆಗೆದಿಡುತ್ತಿದ್ದಳೆಂಬ ಕಥೆಯ ನೆನಪಿಗೆ, ಗುಡ್ ಫ್ರೈಡೇಯಂದು ನಾವಿಕನೊಬ್ಬ ಅಲ್ಲಿ ಚಾವಣಿಗೆ ತೂಗುಬಿಟ್ಟ ಬಲೆಗೆ ಶಿಲುಬೆ ಗುರುತಿನ ಹೊಸ ಹಾಟ್ ಕ್ರಾಸ್ ಬನ್ ಸೇರಿಸುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಈ ಯುಗಾದಿಗೂ ಅಮ್ಮ ಫೋನಿನಲ್ಲಿ, ನನ್ನ ಪಾಲಿನ ಎರಡು ಹೋಳಿಗೆ ಡಬ್ಬಿಯಲ್ಲಿವೆ ಎಂದಿದ್ದಳು. ಇನ್ನರ್ಧ ಪೈಂಟ್ ತರಲು ನಾನೇ ಎದ್ದೆ.