ಆರ್ಥರ್ಸ್ ಸೀಟ್: ತುದಿಗಿಂತ ಪಕ್ಕೆಯೇ ಚೆಂದ

ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಬೆಟ್ಟ ಹುಡುಕಿಕೊಂಡು ಹೋಗಬೇಕಿಲ್ಲ. ಊರೊಳಗೆ ಸ್ವಲ್ಪ ಎತ್ತರದ ಜಾಗದಲ್ಲಿ ನಿಂತರೆ ಸಾಕು, ಆರ್ಥರ್ಸ್ ಸೀಟ್ ಕಣ್ಣಿಗೆ ಬೀಳುತ್ತದೆ. ಎತ್ತರ ಬರೀ 251 ಮೀಟರ್. ನಮ್ಮ ಘಟ್ಟದವರು ನೋಡಿದರೆ ಗುಡ್ಡ ಅಂತ ಕೂಡ ಕರೆಯಲಿಕ್ಕಿಲ್ಲ! ಆದರೆ ಇದು ಆರಿಹೋದ ಜ್ವಾಲಾಮುಖಿ. ಬೆಂಕಿ ಉಗುಳಿದ್ದು ಸುಮಾರು 34 ಕೋಟಿ ವರ್ಷದ ಹಿಂದೆ. ಊರಿನ ಇನ್ನೊಂದು ಕಡೆ ಕೋಟೆ ಕೂತಿರುವ ಬಂಡೆಯೂ ಅದೇ ಕಾಲದ ಜ್ವಾಲಾಮುಖಿಯ ಇನ್ನೊಂದು ಬಾಯಿ. ಆಮೇಲೆ ಹಿಮಯುಗದಲ್ಲಿ ಹಿಮನದಿಗಳು ಸುತ್ತಲಿನ ಮೆತ್ತನೆಯ ಕಲ್ಲನ್ನೆಲ್ಲ ಕೆರೆದುಕೊಂಡು ಹೋದವು. ಗಟ್ಟಿಯದು ಉಳಿಯಿತು.

ನಾವು ಹೋಗಿದ್ದು 2017ರ ಮೇ ತಿಂಗಳಲ್ಲಿ. ತಮ್ಮ ಅಲ್ಲೇ ಓದುತ್ತಿದ್ದ. 'ಮಧ್ಯಾಹ್ನ ಆರಾಮಾಗಿ ಊಟ ಮಾಡಿ ಹೊರಡೋಣ, ಒಂಬತ್ತರವರೆಗೂ ಬೆಳಕಿರುತ್ತೆ' ಅಂದ. ಹಾಲಿರೂಡ್ ಅರಮನೆ ಪಕ್ಕದಿಂದ ಈ ಗುಡ್ಡ ಇರುವ ಪಾರ್ಕಿಗೆ ಹೋದರೆ ಮೊದಲು ಸಿಗುವುದು ಸೇಂಟ್ ಮಾರ್ಗರೆಟ್ಸ್ ಲಾಕ್ ಅನ್ನೋ ಕೆರೆ, ಅದರಲ್ಲಿ ಹಂಸಗಳು. ಮೇಲೆ ಸೇಂಟ್ ಆಂಥನಿ ಚಾಪೆಲ್ಲಿನ ಮುರುಕು ಗೋಡೆ. ಟಿಕೆಟ್ ಇಲ್ಲ, ಕೌಂಟರ್ ಇಲ್ಲ. ಕೆಲಸ ಮುಗಿಸಿದವರು ಬೂಟು ಬದಲಾಯಿಸಿಕೊಂಡು ಓಡಲು ಬರುತ್ತಾರೆ. ಮಕ್ಕಳು, ಅಜ್ಜಂದಿರು, ನಾಯಿಗಳು, ಎಲ್ಲ ಇದ್ದರು. ನಾಯಿಗಳೇ ಜಾಸ್ತಿ.

ಇಳಿಜಾರಿನ ತುಂಬ ಗಾರ್ಸ್ ಅನ್ನೋ ಮುಳ್ಳುಪೊದೆ, ಮೈತುಂಬ ಹಳದಿ ಹೂವು. ಹತ್ತಿರ ಹೋಗಿ ಮೂಸಿದರೆ ಕೊಬ್ಬರಿ ಮಿಠಾಯಿಯ ಪರಿಮಳ. ಸುಮ್ನೆ ಹೇಳುತ್ತಿಲ್ಲ. ಉಡುಪಿಯವಳಾದ ನಾನು ದಾರಿ ಬಿಟ್ಟು ಎರಡು ಸಲ ಹೋಗಿ ಮೂಸಿ ಬಂದೆ.

ತುದಿಯ ಬಂಡೆ ಅಷ್ಟೊಂದು ಜನ ತುಳಿದು ತುಳಿದು ನುಣ್ಣಗಾಗಿದೆ. ಮಳೆ ಬಿದ್ದರೆ ಜಾರುವುದು ಗ್ಯಾರಂಟಿ. ಗಾಳಿಯಂತೂ ಟೋಪಿ ಉಳಿಸುವುದಿಲ್ಲ. ಒಂದು ಕಡೆ ಫರ್ತ್ ಆಫ್ ಫೋರ್ತ್ ಅನ್ನೋ ಅಳಿವೆಯ ನೀರು, ಇನ್ನೊಂದು ಕಡೆ ಕೋಟೆ, ದೂರದಲ್ಲಿ ಪೆಂಟ್‌ಲೆಂಡ್ ಗುಡ್ಡಗಳು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನವರು ಬಿಳಿ ಕಂಬದ ಪಕ್ಕ ಫೋಟೊ ತೆಗೆಸಿಕೊಂಡು ಬಂದ ದಾರಿಯಲ್ಲೇ ಇಳಿದು ಹೋಗುತ್ತಾರೆ. ನನ್ನ ಕೇಳಿದರೆ ಈ ಗುಡ್ಡದ ಅಸಲಿ ಮಾಲು ತುದಿಯಲ್ಲಿಲ್ಲ, ಪಕ್ಕೆಯಲ್ಲಿದೆ.

ದಕ್ಷಿಣಕ್ಕೆ ಇಳಿದರೆ ರಸ್ತೆಯ ಮೇಲೆ ಸ್ಯಾಮ್ಸನ್ಸ್ ರಿಬ್ಸ್ ಕಾಣುತ್ತದೆ. ಜೋಡಿಸಿಟ್ಟ ಹಾಗೆ ಎದ್ದು ನಿಂತ ಕಲ್ಲುಕಂಬಗಳು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಇದು ಗುರುತು ಸಿಗಲೇಬೇಕು. ಎರಡೂ ಕಡೆ ನಡೆದದ್ದು ಒಂದೇ: ಲಾವಾ ಆರುತ್ತಾ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು, ಬಿರುಕು ಒಳಗೊಳಗೆ ಇಳಿದು ಕಂಬಗಳಾದವು. ನಮ್ಮದು ಸುಮಾರು 8.8 ಕೋಟಿ ವರ್ಷದ್ದು. ಇವರದ್ದು ಅದಕ್ಕಿಂತ ಎಷ್ಟೋ ಹಿರಿಯದು.

ಅಲ್ಲಿಂದ ಸಾಲಿಸ್‌ಬರಿ ಕ್ರ್ಯಾಗ್ಸ್. ಗೋಡೆಯಂತೆ ನಿಂತ ಈ ಬಂಡೆಸಾಲಿನ ಬುಡದಲ್ಲಿ ರಾಡಿಕಲ್ ರೋಡ್ ಅನ್ನೋ ಕಾಲುದಾರಿ. 1820ರಲ್ಲಿ 'ರಾಡಿಕಲ್' ಅನ್ನಿಸಿಕೊಂಡವರು ಎಬ್ಬಿಸಿದ ದಂಗೆಯ ನಂತರ ಕೆಲಸವಿಲ್ಲದ ನೇಕಾರರಿಂದ ಹಾಕಿಸಿದ್ದು, ಹೆಸರು ಬಂದದ್ದೂ ಅದರಿಂದಲೇ. ನಾವು ಹೋಗಿ ಬಂದ ಮರುವರ್ಷ ಬಂಡೆ ಉರುಳಿ ಆ ದಾರಿಯನ್ನು ಮುಚ್ಚಿದರು. ಈಗ ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ.

ದಾರಿಯ ದಕ್ಷಿಣದ ತುದಿಯಲ್ಲಿ ಹಟನ್ಸ್ ಸೆಕ್ಷನ್ ಇದೆ. ಕೆಳಗೆ ಪದರ ಪದರವಾದ ಮರಳುಗಲ್ಲು, ಮೇಲೆ ಡಾಲರೈಟ್ ಅನ್ನೋ ಕಪ್ಪು ಕಲ್ಲು. ಒಂದು ಕಡೆ ಮಾತ್ರ ಮರಳುಗಲ್ಲಿನ ಪದರ ಮುರಿದು ಮೇಲಕ್ಕೆ ಎದ್ದಿದೆ, ಅದರಡಿಗೆ ಕಪ್ಪು ಕಲ್ಲು ನುಗ್ಗಿದೆ. ಅಲ್ಲಿ ಕೈಯಿಟ್ಟೆ. ಒಂದು ಹೆಬ್ಬೆರಳಿನ ಅಗಲದಲ್ಲಿ ಎರಡೂ ಕಲ್ಲು ಸಿಗುತ್ತವೆ, ಒಂದು ತರಿತರಿ, ಇನ್ನೊಂದು ಗಟ್ಟಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ, ಕಲ್ಲುಗಳೆಲ್ಲ ಸಮುದ್ರದ ನೀರಿನಿಂದ ತಳಕ್ಕೆ ಕೂತು ಆದವು ಅಂತ ಹಲವರು ನಂಬಿದ್ದರು. ಇದೇ ಊರಿನ ಭೂವಿಜ್ಞಾನಿ ಜೇಮ್ಸ್ ಹಟನ್ ಕೇಳಿದ್ದು ಸರಳ ಪ್ರಶ್ನೆ. ಸುಮ್ಮನೆ ಕೆಳಗೆ ಕೂತ ಕೆಸರು ಇನ್ನೊಂದು ಕಲ್ಲನ್ನು ಎತ್ತಿ ಮುರಿಯುತ್ತದಾ? ಕಪ್ಪು ಕಲ್ಲು ಕುದಿಯುತ್ತಾ ಕೆಳಗಿನಿಂದ ನುಗ್ಗಿ ಬಂದಿರಬೇಕು. ಭೂಮಿ ಜನ ಅಂದುಕೊಂಡಿದ್ದಕ್ಕಿಂತ ಎಷ್ಟೋ ಹಳೆಯದು ಅನ್ನೋ ಅವನ ವಾದ 1785ರಲ್ಲೇ ಎಡಿನ್‌ಬರಾದ ರಾಯಲ್ ಸೊಸೈಟಿ ಸಭೆಯ ಮುಂದೆ ಬಂದಿತ್ತು.

ತಮಾಷೆ ನೋಡಿ, ಹಟನ್ ತೀರಿಕೊಂಡು ಮೂವತ್ತು ವರ್ಷದ ಹೊತ್ತಿಗೆ ಇದೇ ಕ್ರ್ಯಾಗ್ಸ್ ಮುಂದೆ ನಿಂತು ರಾಬರ್ಟ್ ಜೇಮ್ಸನ್ ಅನ್ನೋ ಪ್ರೊಫೆಸರ್, ಕಲ್ಲು ಕುದಿಯುತ್ತಾ ಕೆಳಗಿನಿಂದ ನುಗ್ಗಿತು ಅನ್ನೋ ಮಾತನ್ನು ಗೇಲಿ ಮಾಡುತ್ತಿದ್ದ. ಕೇಳುತ್ತಾ ನಿಂತಿದ್ದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ. ಇನ್ನು ಜಿಯಾಲಜಿ ಸಹವಾಸವೇ ಬೇಡ ಅನ್ನಿಸಿತಂತೆ ಹುಡುಗನಿಗೆ. ಕೆಲವೇ ವರ್ಷದಲ್ಲಿ ಜಿಯಾಲಜಿ ಪುಸ್ತಕ ಹಿಡಿದುಕೊಂಡೇ ಬೀಗಲ್ ಹಡಗು ಹತ್ತಿದ!

ಈ ಗುಡ್ಡದ ಇನ್ನೊಂದು ಒಗಟು ನ್ಯಾಷನಲ್ ಮ್ಯೂಸಿಯಂನಲ್ಲಿದೆ. 1836ರಲ್ಲಿ ಮೊಲ ಹಿಡಿಯಲು ಹೋದ ಹುಡುಗರಿಗೆ ಇಲ್ಲಿನ ಒಂದು ಪೊಟರೆಯಲ್ಲಿ 17 ಪುಟಾಣಿ ಶವಪೆಟ್ಟಿಗೆಗಳು ಸಿಕ್ಕವು. ಒಂದೊಂದೂ ಕೈಬೆರಳಿನಷ್ಟು ಉದ್ದ. ಒಳಗೆ ಬಟ್ಟೆ ತೊಡಿಸಿದ ಮರದ ಗೊಂಬೆ. ಉಳಿದಿರುವುದು ಎಂಟು. ಹೆಣ ಮಾರಲು ಕೊಲೆ ಮಾಡುತ್ತಿದ್ದ ಬರ್ಕ್ ಮತ್ತು ಹೇರ್ ಮಾರಿದ್ದೂ 17 ಹೆಣ, ಹಾಗಾಗಿ ಆ ಸತ್ತವರ ನೆನಪಿಗೇ ಇಟ್ಟದ್ದು ಅಂತ ಒಂದು ಊಹೆ. ಸತ್ತವರಲ್ಲಿ ಹೆಂಗಸರೇ ಜಾಸ್ತಿ, ಗೊಂಬೆಗಳೆಲ್ಲ ಗಂಡಸರ ಹಾಗಿವೆ. ನನಗಂತೂ ಆ ಊಹೆ ಒಪ್ಪಿಗೆಯಾಗಲಿಲ್ಲ, ತಮ್ಮ ಬಿಡಲೊಲ್ಲ. ಮ್ಯೂಸಿಯಂಗೆ ಟಿಕೆಟ್ ಇಲ್ಲ, ಆದರೆ ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ. ಬೇಸಿಗೆಯಲ್ಲಿ ಹೋದರೆ ಮೊದಲು ಮ್ಯೂಸಿಯಂ ಮುಗಿಸಿ, ಆಮೇಲೆ ಗುಡ್ಡ ಹತ್ತಿ.