ಗಿಡ ಒಂದೇ, ಲೆಕ್ಕ ಎರಡು ಏಕೆ?

ನಾನು ಕಾಫಿ ತೋಟದ ಕಂಪನಿಗಳ ಲೆಕ್ಕಪರಿಶೋಧನೆ ಮಾಡುತ್ತೇನೆ ಎಂದು ತಿಳಿದವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಗಿಡಕ್ಕೊಂದು ಲೆಕ್ಕ, ಅದರ ಮೈಮೇಲಿನ ಹಣ್ಣಿಗೆ ಇನ್ನೊಂದು ಲೆಕ್ಕ ಏಕೆ?"

ಹಣ್ಣಿಗೆ ಮಾರುಕಟ್ಟೆಯಿದೆ, ನೆಲದಲ್ಲಿ ನಿಂತ ಗಿಡಕ್ಕಿಲ್ಲ. 2003ರಲ್ಲಿ ಜಾರಿಗೆ ಬಂದ ಕೃಷಿ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡ ಐಎಎಸ್ 41 ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗಿಡ, ಹಣ್ಣು, ಹಸು ಎಲ್ಲವನ್ನೂ ನ್ಯಾಯಯುತ ಮೌಲ್ಯಕ್ಕೆ, ಅಂದರೆ ಇಂದಿನ ಬೆಲೆಗೆ, ಮಾರಾಟದ ಖರ್ಚು ಕಳೆದು ಬರೆಯಬೇಕಿತ್ತು. ಏರಿಳಿತವೆಲ್ಲ ನೇರವಾಗಿ ಲಾಭ-ನಷ್ಟದ ಪಟ್ಟಿಗೆ. ಮಾರುವ ಉದ್ದೇಶವೇ ಇಲ್ಲದ ಗಿಡದ ಬೆಲೆಯನ್ನು ಮುಂದಿನ ಫಸಲು, ಮುಂದಿನ ದರ, ಬಡ್ಡಿಗಳ ಊಹೆಯಿಂದ ಕಟ್ಟಬೇಕಾಗುತ್ತಿತ್ತು. ಅಂಥ ಊಹೆಯನ್ನು ಲಾಭವೆಂದು ಕರೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು. 2014ರ ತಿದ್ದುಪಡಿ ಅದನ್ನು ಸರಿಪಡಿಸಿತು: ವರ್ಷಗಟ್ಟಲೆ ಫಸಲು ಕೊಡುವ ಗಿಡವನ್ನು ಯಂತ್ರದಂತೆ ನೋಡಿ, ಅದನ್ನು ಬೆಳೆಸಲು ತಗುಲಿದ ವೆಚ್ಚದ ಬೆಲೆಗೆ ಬರೆದು ವರ್ಷವರ್ಷ ಸವಕಳಿ ಕಳೆಯಬಹುದು. ಗಿಡದ ಮೇಲಿನ ಹಣ್ಣಿಗೂ ಹಸುವಿಗೂ ಈ ವಿನಾಯಿತಿ ಸಿಗಲಿಲ್ಲ. ಹಸುವಿಗೆ ಸಂತೆಯಲ್ಲಿ ಬೆಲೆ ಉಂಟಲ್ಲವೇ?

ಐಎಎಸ್ 41ರ ಭಾರತೀಯ ಆವೃತ್ತಿಯಾದ ನಮ್ಮ ಇಂಡ್ ಎಎಸ್ 41 ಬಂದದ್ದೇ ಈ ತಿದ್ದಿದ ರೂಪದಲ್ಲಿ. 2016ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಅದನ್ನು ಹಂತಹಂತವಾಗಿ ಪಾಲಿಸತೊಡಗಿದವು. ಸಣ್ಣ ಕಂಪನಿಗಳು ಭಾರತದ ಹಳೆಯ ಎಎಸ್ ಲೆಕ್ಕಪತ್ರ ಮಾನದಂಡಗಳಲ್ಲೇ ಉಳಿದಿವೆ. ಅಲ್ಲಿಯೂ ಆಸ್ತಿ-ಯಂತ್ರಗಳ ಲೆಕ್ಕದ ಪರಿಷ್ಕೃತ ಎಎಸ್ 10 ಗಿಡವನ್ನು ವೆಚ್ಚದ ಬೆಲೆಗೆ ಬರೆಯಲು ಬಿಡುತ್ತದೆ. ಆದರೆ ಗಿಡದ ಮೇಲಿನ ಹಣ್ಣಿಗೆಂದೇ ಒಂದು ಮಾನದಂಡ ಅಲ್ಲಿಲ್ಲ. ದೊಡ್ಡ-ಸಣ್ಣ ಕಂಪನಿಗಳ ಲೆಕ್ಕದಲ್ಲಿ ನಿಜವಾದ ಅಂತರ ಇರುವುದು ಇಲ್ಲೇ.

ಆದರೂ ಕೊಡಗು, ಚಿಕ್ಕಮಗಳೂರಿನಲ್ಲಿ ಈ ಅಂತರ ಎಷ್ಟೋ ಸಲ ಚಿಕ್ಕದಾಗಿ ಕಾಣುತ್ತದೆ. ನಮ್ಮ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಆ ಹೊತ್ತಿಗೆ ಕೊಯ್ಲು ಬಹುಪಾಲು ಮುಗಿದು, ಹೂಮಳೆ ಬಿದ್ದ ತೋಟಗಳಲ್ಲಿ ಹೊಸ ಹೂವಷ್ಟೇ ಅರಳಿರುತ್ತದೆ. ಬೆಳವಣಿಗೆ ತೀರಾ ಅಲ್ಪವಾಗಿದ್ದಾಗ ವೆಚ್ಚವನ್ನೇ ಮೌಲ್ಯಕ್ಕೆ ಹತ್ತಿರವೆಂದು ಇಂಡ್ ಎಎಸ್ ಕೂಡ ಒಪ್ಪುತ್ತದೆ. ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸಿದರೆ ರೊಬಸ್ಟಾ ಗಿಡಗಳ ತುಂಬ ಹಣ್ಣಿರುತ್ತದೆ. ಆಗ ಬರುವ ಅಂಕಿಯೇ ಬೇರೆ.

ನನಗೆ ಕಷ್ಟವಾಗುವುದು ನೆರಳಿನ ಸಿಲ್ವರ್ ಓಕ್. ಮೆಣಸಿನ ಬಳ್ಳಿ ಹಬ್ಬುವುದೂ ಅದರ ಮೇಲೆ, ನಾಟಾ ಎಂದು ಮಾರುವುದೂ ಅದನ್ನೇ. ನಾಟಾಕ್ಕೆಂದು ಬೆಳೆಸಿದ ಮರಕ್ಕೆ ಯಂತ್ರದ ಲೆಕ್ಕ ಸಲ್ಲದು, ಇಂಡ್ ಎಎಸ್ 41ರ ಮೌಲ್ಯವೇ ಬೇಕು. ಹೀಗಾಗಿ ತೋಟದ ಕಡತ ತೆರೆಯುವ ಮುನ್ನ ನಾನು ಮಾಲೀಕರನ್ನು ಕೇಳುವುದು ಇದನ್ನು: "ಹತ್ತು ವರ್ಷಗಳಲ್ಲಿ ಎಷ್ಟು ಮರ ಕಡಿದು ಮಾರಿದ್ದೀರಿ?"