ಆಂ ದಓರ್‌ಗೆ ಬೀರುವಿನಲ್ಲಿ ಸಿಕ್ಕ ಅರ್ಥ

ಎರಡೂವರೆ ವಾರ ಒಂದೇ ಕಾರ್ಡಿಗೆ ಅಂಟಿಕೊಂಡು ಕುಳಿತಿದ್ದೆ. ಬ್ಯಾಲೆಯ ಫ್ರೆಂಚ್ ಪದಗಳಿಗೆ ಕನ್ನಡ ಹುಡುಕಿ ಕಾರ್ಡುಗಳಲ್ಲಿ ಬರೆದಿಡುವ ಈ ಹುಚ್ಚಿನಲ್ಲಿ ಪ್ಲಿಯೇ, ತಾಂದ್ಯು, ಫೋಂದ್ಯು ಬೇಗನೆ ಮುಗಿದಿದ್ದವು. ಮಡಿಸಿದ್ದು, ಚಾಚಿದ್ದು, ಕರಗಿದ್ದು. ಫೋಂದ್ಯುವಿನಲ್ಲಿ ಬೆಣ್ಣೆಯಂತೆ ಕರಗಬೇಕಾದ ನನ್ನ ಮಂಡಿ ಬೆಲ್ಲದಚ್ಚಿನಂತೆ ಲಟಕ್ಕೆನ್ನುತ್ತದೆ, ಆ ಮಾತು ಬೇರೆ. ಸಿಕ್ಕಿಬಿದ್ದದ್ದು ಆಂ ದಓರ್, ಆಂ ದದಾಂ ಎಂಬ ಜೋಡಿಯಲ್ಲಿ.

ನಿಘಂಟು 'ಹೊರಕ್ಕೆ', 'ಒಳಕ್ಕೆ' ಎಂದು ಕೈತೊಳೆದುಕೊಳ್ಳುತ್ತದೆ. ಯಾವುದರ ಹೊರಕ್ಕೆ? ಕಾಲಿನಿಂದ ಅರೆವೃತ್ತ ಎಳೆಯುವ ರೋಂ ದ ಝಾಂಬ್‌ನಲ್ಲಿ ಕಾಲು ಮುಂದಿನಿಂದ ಪಕ್ಕಕ್ಕೆ, ಅಲ್ಲಿಂದ ಹಿಂದಕ್ಕೆ ಹೋದರೆ ಆಂ ದಓರ್. ಅಂದರೆ ಅರ್ಧ ದಾರಿ ಹೊರಗೆ ಹೋಗಿ ಉಳಿದರ್ಧ ಒಳಗೇ ಬರುತ್ತದೆ! ಬಲಗಾಲಿನಲ್ಲಿ ಮಾಡಿ ನೋಡಿದೆ, ಗಡಿಯಾರದ ಮುಳ್ಳಿನ ದಿಕ್ಕು. ಬಲಗಾಲು ಎತ್ತಿ ಒಂಟಿಗಾಲಲ್ಲಿ ಗಿರಕಿ ಹೊಡೆಯುವ ಪಿರುವೆಟ್ ಆಂ ದಓರ್ ಕೂಡ ಬಲಕ್ಕೇ. ಹಿಗ್ಗಿ 'ಪ್ರದಕ್ಷಿಣೆ' ಎಂದು ಬರೆದೆ. ಶಾಯಿ ಒಣಗುವ ಮೊದಲೇ ಎಡಗಾಲಿನ ಸರದಿ ಬಂತು. ಪದ ಅದೇ, ಸುತ್ತು ಮಾತ್ರ ಅಪ್ರದಕ್ಷಿಣೆ. ದೇವಸ್ಥಾನವಾಗಿದ್ದರೆ ಅರ್ಚಕರು ತಡೆದು ನಿಲ್ಲಿಸುತ್ತಿದ್ದರು.

ಇದು ಸಾಲದೆಂಬಂತೆ, ಸೊಂಟದ ಕೀಲಿನಿಂದ ಕಾಲುಗಳನ್ನು ಹೊರಳಿಸಿ ನಿಲ್ಲುವುದಕ್ಕೂ ಫ್ರೆಂಚರು ಆಂ ದಓರ್ ಎಂದೇ ಹೇಳುತ್ತಾರೆ. ಭರತನಾಟ್ಯದ ಅರಮಂಡಿಯಲ್ಲಿ ನಿಂತು ಬೆವರಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಆಂ ದದಾಂ ಸುತ್ತುವಾಗಲೂ ಆಂ ದಓರ್ ಬಿಡುವಂತಿಲ್ಲ. ಈ ವಾಕ್ಯ ಬರೆದ ರಾತ್ರಿ ಕಾರ್ಡನ್ನು ಹರಿದೆ.

ಅಭ್ಯಾಸಕ್ಕೆಂದು ತರಿಸಿದ ವಿನೈಲ್ ಹಾಸಿನದು ಇನ್ನೊಂದು ಗೋಳು. ಎರಡು ದಿನದಲ್ಲಿ ಮಟ್ಟಸವಾಗುತ್ತದೆ ಎಂದು ಅಂಗಡಿಯವರು ಆಣೆ ಮಾಡಿದ್ದರು. ಮೂರನೆಯ ವಾರದಲ್ಲೂ ಅದರ ಅಂಚು ಹಪ್ಪಳದಂತೆ ಸುರುಳಿ ಸುತ್ತಿ, ನಾಲ್ಕು ಮೂಲೆಗೆ ಅಕ್ಕಿ ಚೀಲ ಬಿದ್ದಿದೆ. ನಾನು ಸುತ್ತುವುದು ಚೀಲಗಳ ನಡುವೆ.

ಮೊನ್ನೆ ಬಟ್ಟೆ ಜೋಡಿಸಲು ಬೀರು ತೆರೆದಾಗ ಹೊಳೆಯಿತು. ಎರಡು ಕದ. ಒಂದು ಗಡಿಯಾರದಂತೆ ತಿರುಗುತ್ತದೆ, ಇನ್ನೊಂದು ಅದಕ್ಕೆ ವಿರುದ್ಧವಾಗಿ. ಆದರೂ ಎರಡನ್ನೂ ನಾವು 'ತೆರೆಯಿತು' ಎಂದೇ ಹೇಳುತ್ತೇವೆ! ಸೊಂಟವೇ ತಿರುಗಣಿ, ಕಾಲೇ ಕದ. ಮುಂದಿನಿಂದ ಹಿಂದಕ್ಕೆ ಹೋದರೆ ತೆರೆದದ್ದು, ಹಿಂದಿನಿಂದ ಮುಂದಕ್ಕೆ ಬಂದರೆ ಮುಚ್ಚಿದ್ದು. ಪಿರುವೆಟ್‌ನಲ್ಲಿ ಎತ್ತಿದ ಮಂಡಿ ತೆರೆಯುತ್ತ ಹಿಂದಕ್ಕೆ ಎಳೆಯುತ್ತದೆ, ಚೌಕಟ್ಟೂ, ಅಂದರೆ ಇಡೀ ಮೈಯೂ, ಅದರ ಜೊತೆ ತಿರುಗುತ್ತದೆ, ಅಷ್ಟೇ ವ್ಯತ್ಯಾಸ. ಕಾರ್ಡಿನ ಮೇಲೆ 'ತೆರೆಸುತ್ತು', 'ಮುಚ್ಚುಸುತ್ತು' ಎಂದು ಬರೆದಿದ್ದೇನೆ. ಚೆಂದವಿಲ್ಲ, ಆದರೆ ಎಡಗಾಲಿಗೂ ನಿಲ್ಲುತ್ತದೆ.

ಲಾಭ ಮೈಗೂ ಆಯಿತು. 'ತೆರೆ' ಎಂದುಕೊಂಡ ಮೇಲೆ ಮಂಡಿ ಮುಂದಕ್ಕೆ ಕುಸಿಯುತ್ತಿಲ್ಲ, ಬಲಕ್ಕೆ ಒಂದು ಪೂರ್ತಿ ಸುತ್ತು ಬಂದಿದೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಟಲಿಯ ಬ್ಯಾಲೆ ನರ್ತಕಿ ಪಿಯೆರಿನಾ ಲೆನ್ಯಾನಿ ಇದೇ ಆಂ ದಓರ್ ದಿಕ್ಕಿನಲ್ಲಿ 32 ಫುವೆತೇ (ಎತ್ತಿದ ಕಾಲನ್ನು ಚಾಟಿಯಂತೆ ಬೀಸುತ್ತ ಹೊಡೆಯುವ ಗಿರಕಿ) ಸುತ್ತಿದರು. ನನಗಿನ್ನು 31 ಬಾಕಿ. ಎಡಕ್ಕೆ ಸುತ್ತಿದರೆ ಈಗಲೂ ಅಕ್ಕಿ ಚೀಲದ ಮೇಲೆಯೇ ಇಳಿಯುತ್ತೇನೆ.

ಮುಂದಿನ ಕಾರ್ಡು ಆಂತ್ರಶಾ. ಶಾ ಎಂದರೆ ಬೆಕ್ಕು, ಪಾ ದ ಶಾ ಬೆಕ್ಕಿನ ಹೆಜ್ಜೆ, ಅದು ಸರಿ. ಆಂತ್ರಶಾದಲ್ಲಿ ಮಾತ್ರ ಬೆಕ್ಕಿಲ್ಲ. 'ಹೆಣೆದದ್ದು' ಎಂಬ ಇಟಾಲಿಯನ್ ಮಾತು ಫ್ರೆಂಚರ ಬಾಯಲ್ಲಿ ಸವೆದು ಹೀಗಾಗಿದೆ. ಜಿಗಿದಾಗ ಕಾಲುಗಳು ಗಾಳಿಯಲ್ಲಿ ಜಡೆ ಹಾಕಬೇಕು. ಆಂತ್ರಶಾ ಕಾತ್ರ್ ಎಂದರೆ ನಾಲ್ಕು, ಆದರೆ ಕಾಲು ಅದಲುಬದಲಾಗುವುದು ಎರಡೇ ಸಲ. ಒಂದೊಂದು ಕಾಲಿಗೂ ಬೇರೆ ಲೆಕ್ಕವಂತೆ! ಶುರು ಮಾಡುವ ಮೊದಲು ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿ ಬರಬೇಕು.